ವರ್ಷದ ರಗ್ಬಿ ಆಟಗಾರ: ಯಾರು ಕಣ್ಣಿಗೆ ಬೀಳುತ್ತಾರೆ, ಯಾರು ಬೀಳುವುದಿಲ್ಲ

ಪ್ರಶ್ನೆ: ಕೆಲಸದ ಮೇಲೆ ಬಂದವನು ಈಗ ಆಕ್ಲೆಂಡಿನಲ್ಲೇ ನೆಲೆಸಿದ್ದೇನೆ. ಇಲ್ಲಿಗೆ ಬರುವ ತನಕ ಕ್ರಿಕೆಟ್, ಕಬಡ್ಡಿ ಬಿಟ್ಟರೆ ಬೇರೆ ಆಟ ನೋಡಿದವನಲ್ಲ. ಈಗ ರಗ್ಬಿಯ ಹುಚ್ಚು ಹಿಡಿದಿದೆ. ವರ್ಲ್ಡ್ ರಗ್ಬಿ ಸಂಸ್ಥೆ ಪುರುಷರ ವಿಭಾಗದಲ್ಲಿ ಪ್ರತಿವರ್ಷ ಕೊಡುವ 'ವರ್ಷದ ಆಟಗಾರ' ಪ್ರಶಸ್ತಿಯ ವಿಷಯ ಬಂದರೆ ಆಫೀಸಿನಲ್ಲಿ ಜಗಳವೇ ಆಗುತ್ತದೆ. ಇಲ್ಲಿನವರು ಅದು ತಮ್ಮ ಮನೆಯ ಸ್ವತ್ತು ಎಂಬಂತೆ ಮಾತಾಡುತ್ತಾರೆ. ದಕ್ಷಿಣ ಆಫ್ರಿಕಾದ ಸಹೋದ್ಯೋಗಿಯೊಬ್ಬರು 2009ರಲ್ಲೂ 2023ರಲ್ಲೂ ತಮ್ಮವರಿಗೆ ಮೋಸ ಆಯಿತು ಅನ್ನುತ್ತಾರೆ. ಇದನ್ನು ಆರಿಸುವವರು ಯಾರು, ಯಾವ ಆಧಾರದ ಮೇಲೆ? ಮುಂದಿನ ಸಾಲಿನಲ್ಲಿ ನಿಂತು ತಳ್ಳುವ ಪ್ರಾಪ್ ಆಡುವವರಿಗೆ ಇದುವರೆಗೆ ಒಮ್ಮೆಯೂ ಬಂದಿಲ್ಲ ಅನ್ನುವುದು ನಿಜವೇ? ನಿಜವಾದರೆ ಯಾಕೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆ ಗಂಟು ಬಿಚ್ಚಿದರೆ ಉಳಿದವು ತಾವಾಗಿ ಬಿಚ್ಚಿಕೊಳ್ಳುತ್ತವೆ.

ನಿಜ, ಪ್ರಾಪ್‌ಗೆ ಒಮ್ಮೆಯೂ ಬಂದಿಲ್ಲ. ಪ್ರಶಸ್ತಿ ಶುರುವಾದದ್ದು 2001ರಲ್ಲಿ. ಕೋವಿಡ್ ಕಾರಣಕ್ಕೆ 2020ರಲ್ಲಿ ಕೊಡಲಿಲ್ಲ. ಹಾಗಾಗಿ 2025ರವರೆಗೆ ಒಟ್ಟು 24 ಸಲ. ಅದರಲ್ಲಿ 10 ಸಲ ಸ್ಕ್ರಮ್‌ನ (ಎರಡೂ ತಂಡದ ಎಂಟೆಂಟು ಜನ ಕೂಡಿ ತಳ್ಳಾಡುವುದು) ಹಿಂದಿನ ಸಾಲಿನವರಿಗೆ, ಅಂದರೆ ಫ್ಲ್ಯಾಂಕರ್ ಮತ್ತು ನಂಬರ್ 8 ಆಡುವವರಿಗೆ ಹೋಗಿದೆ. 7 ಸಲ ಫ್ಲೈ-ಹಾಫ್‌ಗಳಿಗೆ, ಅಂದರೆ ಆಟ ನಡೆಸುವ, ಹೆಚ್ಚಾಗಿ ಗೋಲಿಗೂ ಒದೆಯುವ ಆಟಗಾರರಿಗೆ. ಅಲ್ಲಿಗೇ 17 ಆಯಿತು. ಉಳಿದ ಏಳನ್ನು ಇಬ್ಬರು ಸ್ಕ್ರಮ್-ಹಾಫ್ (ಸ್ಕ್ರಮ್‌ನಿಂದ ಚೆಂಡು ತೆಗೆದುಕೊಡುವವರು), ಇಬ್ಬರು ವಿಂಗರ್ (ಅಂಚಿನಲ್ಲಿ ಓಡುವವರು), ಇಬ್ಬರು ಹೂಕರ್ (ಎರಡು ಪ್ರಾಪ್‌ಗಳ ನಡುವಿನವರು), ಒಬ್ಬ ಲಾಕ್ (ಸ್ಕ್ರಮ್‌ನ ಎರಡನೇ ಸಾಲಿನವನು) ಹಂಚಿಕೊಂಡಿದ್ದಾರೆ. ಪ್ರಾಪ್‌ಗೆ ಸೊನ್ನೆ. ಮೈದಾನದ ಮಧ್ಯೆ ಆಡುವ ಸೆಂಟರ್‌ಗೂ ಸೊನ್ನೆ, ಎಲ್ಲರ ಹಿಂದೆ ನಿಲ್ಲುವ ಫುಲ್‌ಬ್ಯಾಕ್‌ಗೂ ಸೊನ್ನೆ. ಹದಿನೈದು ಜನರ ಆಟದಲ್ಲಿ ನಾಲ್ಕು ಜಾಗದವರೇ (ಇಬ್ಬರು ಫ್ಲ್ಯಾಂಕರ್, ನಂಬರ್ 8, ಫ್ಲೈ-ಹಾಫ್) ಮುಕ್ಕಾಲು ಪಾಲಿಗೂ ಹತ್ತಿರ ಬಾಚಿಕೊಂಡಿದ್ದಾರೆಂದರೆ ಅದನ್ನು ಕಾಕತಾಳೀಯ ಅನ್ನಲಾಗದು.

ಇನ್ನು ಆಯ್ಕೆ. ಸಂಸ್ಥೆಯ ಹೆಸರು ಮೊದಲು ಇಂಟರ್‌ನ್ಯಾಷನಲ್ ರಗ್ಬಿ ಬೋರ್ಡ್ ಅಂತಿತ್ತು; 2014ರ ಕೊನೆಗೆ ವರ್ಲ್ಡ್ ರಗ್ಬಿ ಆಯಿತು. ಹಳೆಯ ಅಂತಾರಾಷ್ಟ್ರೀಯ ಆಟಗಾರರು ಮತ್ತು ಕೋಚ್‌ಗಳಿರುವ ಒಂದು ಮಂಡಳಿ ವರ್ಷದ ಟೆಸ್ಟ್, ಅಂದರೆ ದೇಶ ದೇಶಗಳ ನಡುವಿನ, ಪಂದ್ಯಗಳನ್ನು ನೋಡಿ ಕಿರುಪಟ್ಟಿ ಮಾಡುತ್ತದೆ. ಬಹಳ ವರ್ಷ ಅದರ ಮುಖ್ಯಸ್ಥರಾಗಿದ್ದವರು ಆಸ್ಟ್ರೇಲಿಯಾಕ್ಕೆ 1999ರ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಜಾನ್ ಈಲ್ಸ್. ಆಮೇಲಿನ ಮಂಡಳಿಗಳಲ್ಲಿ ನ್ಯೂಜಿಲೆಂಡಿನ ರಿಚಿ ಮೆಕಾ, ದಕ್ಷಿಣ ಆಫ್ರಿಕಾದ ಜಾನ್ ಸ್ಮಿಟ್, ಇಂಗ್ಲೆಂಡಿನ ಮ್ಯಾಗಿ ಅಲ್ಫಾನ್ಸಿ ಮುಂತಾದವರು ಕೂತಿದ್ದಾರೆ. ಪಟ್ಟಿಯ ಉದ್ದ ವರ್ಷದಿಂದ ವರ್ಷಕ್ಕೆ ಬದಲಾಗಿದೆ: 2009ರಲ್ಲಿ ಏಳು ಹೆಸರು, 2018ರಲ್ಲಿ ಐದು, ಈಚೆಗೆ ನಾಲ್ಕು. ಇಷ್ಟು ಟ್ರೈಗೆ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರುವುದು) ಇಷ್ಟು ಅಂಕ ಅಂತ ಸೂತ್ರ ಹಾಕಿ ಲೆಕ್ಕ ತೆಗೆಯುವ ಪ್ರಶಸ್ತಿ ಇದಲ್ಲ. ಬಲ್ಲವರ ಅಭಿಪ್ರಾಯವೇ ಇದರ ಬಂಡವಾಳ.

ಮುಖ್ಯವಾದ ಇನ್ನೊಂದು ಮಾತು. ಇಲ್ಲಿ ಲೆಕ್ಕಕ್ಕೆ ಬರುವುದು ದೇಶದ ಪರ ಆಡಿದ ಟೆಸ್ಟ್ ಮಾತ್ರ. ಕ್ಲಬ್‌ನ ಆಟ ಎಷ್ಟೇ ಚೆನ್ನಾಗಿದ್ದರೂ ಹೊರಗೆ. 2024ರಲ್ಲಿ ಫ್ರಾನ್ಸ್‌ನ ಆಂಟ್ವಾನ್ ಡುಪಾಂ ಟೂಲೂಸ್ ಕ್ಲಬ್ ಪರ ಚಾಂಪಿಯನ್ಸ್ ಕಪ್ ಗೆದ್ದ, ಸೆವೆನ್ಸ್ (ಏಳು ಜನರ ರಗ್ಬಿ) ಆಡಲು ಹೋಗಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ತಂದ. ಅಂಥ ವರ್ಷ ಯಾವ ಆಟಗಾರನಿಗೆ ಸಿಕ್ಕಿದೆ ಹೇಳಿ? ಆದರೆ ಸೆವೆನ್ಸ್‌ಗಾಗಿ ಸಿಕ್ಸ್ ನೇಷನ್ಸ್ (ಯುರೋಪಿನ ಆರು ದೇಶಗಳ ವಾರ್ಷಿಕ ಟೂರ್ನಿ) ಬಿಟ್ಟಿದ್ದರಿಂದ ಹದಿನೈದರ ಆಟದಲ್ಲಿ ಅವನು ಆಡಿದ ಟೆಸ್ಟ್‌ಗಳೇ ಕಡಿಮೆ. ಹದಿನೈದರ ಪಟ್ಟಿಯಲ್ಲಿ ಹೆಸರು ಬರಲಿಲ್ಲ, ಆ ವರ್ಷದ ಸೆವೆನ್ಸ್ ಪ್ರಶಸ್ತಿ ಅವನ ಪಾಲಾಯಿತು. ಹದಿನೈದರದ್ದನ್ನು 2021ರಲ್ಲೇ ಪಡೆದಿದ್ದ.

ಸರಿ, ಈಗ ಪ್ರಾಪ್‌ಗಳ ಕಥೆ. ನೀವು ಕಬಡ್ಡಿ ನೋಡಿ ಬೆಳೆದವರು, ಬೇಗ ಅರ್ಥವಾಗುತ್ತದೆ. ಅಂಗಳದಲ್ಲಿ ಕೂಗು ಏಳುವುದು ರೈಡರ್ ಗೆರೆ ಮುಟ್ಟಿ ವಾಪಸ್ ಬಂದಾಗ. ಅವನ ಕಾಲು ಹಿಡಿದ ಕಾರ್ನರ್‌ನವನ ಹೆಸರು ನೆನಪಿರುತ್ತದೆ ಅನ್ನೋಣ. ಆದರೆ ಆ ರೈಡರ್ ಅತ್ತ ಹೋಗದಂತೆ ದಾರಿ ಕಟ್ಟಿ ಕಾರ್ನರ್ ಕಡೆಗೇ ತಳ್ಳಿದ ಕವರ್ ಆಟಗಾರನ ಹೆಸರು? ಪ್ರಾಪ್ ಆ ಕವರ್‌ನವನಿಗಿಂತಲೂ ಒಂದು ಪದರ ಒಳಗಿನವನು.

ಸ್ಕ್ರಮ್‌ನಲ್ಲಿ ಎರಡೂ ಕಡೆಯ ಎಂಟೆಂಟು ಜನ ತಲೆ ತಗ್ಗಿಸಿ ಭುಜಕ್ಕೆ ಭುಜ ಕೊಟ್ಟು ಕೂಡುತ್ತಾರೆ. ಒಂದೊಂದು ಪಡೆಯ ತೂಕ ಹತ್ತಿರ ಹತ್ತಿರ 900 ಕಿಲೋ. ಮುಂದಿನ ಸಾಲಿನಲ್ಲಿ ಮೂವರು: 1ನೇ ನಂಬರಿನ ಲೂಸ್‌ಹೆಡ್ ಪ್ರಾಪ್, 2ನೇ ನಂಬರಿನ ಹೂಕರ್, 3ನೇ ನಂಬರಿನ ಟೈಟ್‌ಹೆಡ್ ಪ್ರಾಪ್. ಟೈಟ್‌ಹೆಡ್‌ನ ತಲೆ ಎದುರಾಳಿಗಳಿಬ್ಬರ ನಡುವೆ ಸಿಕ್ಕಿಕೊಂಡಿರುತ್ತದೆ, ಎರಡೂ ಕಡೆಯಿಂದ ಒತ್ತಡ. ಲೂಸ್‌ಹೆಡ್‌ಗೆ ಒಂದು ಪಕ್ಕ ಖಾಲಿ. ರೆಫರಿ 'ಕ್ರೌಚ್, ಬೈಂಡ್, ಸೆಟ್' ಎಂದಾಗ ಮೈ ತೂಕವೆಲ್ಲ ಒಮ್ಮೆಗೇ ಅಪ್ಪಳಿಸುತ್ತದೆ. ಆಮೇಲಿನ ಎರಡು ಮೂರು ಸೆಕೆಂಡಿನಲ್ಲಿ ಯಾರ ಮೊಣಕೈ ಕುಸಿಯಿತು, ಯಾರ ಸೊಂಟ ಹೊರಕ್ಕೆ ಸರಿಯಿತು, ಯಾರು ಎದುರಿನವನ ಎದೆಯ ಕೆಳಗೆ ನುಗ್ಗಿದರು ಎಂಬುದರ ಮೇಲೆ ಎಲ್ಲ ತೀರ್ಮಾನ. ಟಿವಿಯಲ್ಲಿ ನಮಗೆ ಕಾಣುವುದು ಬೆನ್ನುಗಳ ಸಾಲು. ಅದು ಕುಸಿಯುತ್ತದೆ, ಸೀಟಿ ಊದುತ್ತದೆ, ರೆಫರಿಯ ಕೈ ಒಂದು ಕಡೆಗೆ ಏಳುತ್ತದೆ. ಯಾಕೆ ಅಂತ ಮೈದಾನದಲ್ಲಿರುವ ಅರ್ಧ ಜನಕ್ಕೇ ಗೊತ್ತಿರುವುದಿಲ್ಲ.

2019ರ ನವೆಂಬರ್ 2ರಂದು ಯೊಕೊಹಾಮಾದಲ್ಲಿ ನಡೆದ ವಿಶ್ವಕಪ್ ಫೈನಲ್ ಇದಕ್ಕೆ ಪಾಠದ ಹಾಗಿದೆ. ಆಟ ಶುರುವಾಗಿ ಮೂರು ನಿಮಿಷವೂ ಆಗಿರಲಿಲ್ಲ, ಇಂಗ್ಲೆಂಡಿನ ಟೈಟ್‌ಹೆಡ್ ಕೈಲ್ ಸಿಂಕ್ಲರ್ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋದ. ಕೊನೆಯ ಅರ್ಧ ಗಂಟೆಗೆಂದು ಬೆಂಚಿನಲ್ಲಿ ಕೂತಿದ್ದ ಡ್ಯಾನ್ ಕೋಲ್ ಇಡೀ ಪಂದ್ಯ ಹೊರಬೇಕಾಯಿತು. ಎದುರಿಗೆ ದಕ್ಷಿಣ ಆಫ್ರಿಕಾದ ಲೂಸ್‌ಹೆಡ್ ಟೆಂಡಾಯ್ ಮ್ಟವರೀರಾ, ಅಭಿಮಾನಿಗಳ ಬಾಯಲ್ಲಿ 'ಬೀಸ್ಟ್'. ಸ್ಕ್ರಮ್ ಮೇಲೆ ಸ್ಕ್ರಮ್ ಇಂಗ್ಲೆಂಡ್ ಹಿಂದೆ ಸರಿಯಿತು, ಪೆನಾಲ್ಟಿ ಮೇಲೆ ಪೆನಾಲ್ಟಿ ಬಂತು, ಗೋಲಿಗೆ ಒದ್ದರೆ ಒಂದೊಂದಕ್ಕೂ ಮೂರು ಅಂಕ. ದಕ್ಷಿಣ ಆಫ್ರಿಕಾ 32–12ರಲ್ಲಿ ಗೆದ್ದಿತು. ಸ್ಕೋರ್ ಪಟ್ಟಿ ತೆಗೆದು ನೋಡಿ: ಫ್ಲೈ-ಹಾಫ್ ಹ್ಯಾಂಡ್ರೆ ಪೊಲಾರ್ಡ್, 22 ಅಂಕ. ಮ್ಟವರೀರಾ ಹೆಸರಿನ ಮುಂದೆ ಏನೂ ಇಲ್ಲ. ಪ್ರಾಪ್ ಸಂಪಾದಿಸಿದ ಮೂರು ಅಂಕ ಸಾಮಾನ್ಯವಾಗಿ ಒದೆಯುವ ಫ್ಲೈ-ಹಾಫ್‌ನ ಖಾತೆಗೇ ಜಮಾ ಆಗುತ್ತದೆ. ಆ ಪಂದ್ಯದೊಂದಿಗೇ ಮ್ಟವರೀರಾ ಅಂತಾರಾಷ್ಟ್ರೀಯ ಆಟ ಬಿಟ್ಟ. ಆ ವರ್ಷದ ಪ್ರಶಸ್ತಿ ಅದೇ ತಂಡದ ಫ್ಲ್ಯಾಂಕರ್ ಪೀಟರ್-ಸ್ಟೆಫ್ ಡು ಟಾಯ್‌ಗೆ ಹೋಯಿತು. ಅವನು ಅರ್ಹನೇ, ಅದರಲ್ಲಿ ತಕರಾರಿಲ್ಲ.

ಇನ್ನೊಂದು ಕಾರಣವನ್ನು ಯಾರೂ ಹೇಳುವುದಿಲ್ಲ, ಆದರೆ ನನ್ನ ಮಟ್ಟಿಗೆ ಅದೇ ದೊಡ್ಡದು. ಇವತ್ತಿನ ರಗ್ಬಿಯಲ್ಲಿ ಪ್ರಾಪ್ ಎಂಬತ್ತು ನಿಮಿಷ ಆಡುವುದೇ ಅಪರೂಪ. ಐವತ್ತು ನಿಮಿಷದ ಸುಮಾರಿಗೆ ಮುಂದಿನ ಸಾಲಿನ ಮೂವರನ್ನೂ ಬದಲಾಯಿಸುವುದು ರೂಢಿ. ದಕ್ಷಿಣ ಆಫ್ರಿಕಾದವರು ಅದನ್ನೇ ಅಸ್ತ್ರ ಮಾಡಿಕೊಂಡು ಬೆಂಚಿನಲ್ಲಿರುವ, ಸ್ಕ್ರಮ್ ಆಡುವ ಫಾರ್ವರ್ಡ್ ಪಡೆಗೆ 'ಬಾಂಬ್ ಸ್ಕ್ವಾಡ್' ಎಂದು ಹೆಸರನ್ನೇ ಇಟ್ಟರು. ಪಂದ್ಯ ಗೆಲ್ಲುವ, ಸೋಲುವ ಕೊನೆಯ ಹತ್ತು ನಿಮಿಷದಲ್ಲಿ ಒಳ್ಳೆಯ ಪ್ರಾಪ್ ಕೋಟು ಹೊದ್ದು ಬೆಂಚಿನಲ್ಲಿ ಕೂತಿರುತ್ತಾನೆ. ಮಂಡಳಿಯ ನೆನಪಿನಲ್ಲಿ ಉಳಿಯುವುದು ಆ ಹತ್ತು ನಿಮಿಷ.

ಆ ಹತ್ತು ನಿಮಿಷ ಯಾರದ್ದು? ಹೆಚ್ಚಾಗಿ ಫ್ಲೈ-ಹಾಫ್‌ನದ್ದು. 2003ರ ಫೈನಲ್, ಸಿಡ್ನಿ: ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿದೆ, 17–17. ಎಡಗಾಲಿನ ಆಟಗಾರ ಜಾನಿ ವಿಲ್ಕಿನ್‌ಸನ್ ಬಲಗಾಲಿನಲ್ಲಿ ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೊಡನೆ ಗೋಲಿಗೆ ಹೊಡೆಯುವುದು) ಒದೆಯುತ್ತಾನೆ, ಇಂಗ್ಲೆಂಡ್ ವಿಶ್ವ ಚಾಂಪಿಯನ್. ಆ ವರ್ಷದ ಪ್ರಶಸ್ತಿ ಇನ್ಯಾರಿಗೆ ಹೋಗಲು ಸಾಧ್ಯವಿತ್ತು? 2018ರ ಫೆಬ್ರುವರಿ, ಪ್ಯಾರಿಸ್: ಐರ್ಲೆಂಡ್ ಒಂದು ಅಂಕ ಹಿಂದಿದೆ, ಎಂಬತ್ತು ನಿಮಿಷ ಮುಗಿದುಹೋಗಿದೆ. ಚೆಂಡು ಕೈಬಿಡದೆ 41 ಹಂತ (ಒಂದು ಟ್ಯಾಕಲ್‌ನಿಂದ ಮುಂದಿನ ಟ್ಯಾಕಲ್‌ವರೆಗಿನ ಆಟ ಒಂದು ಹಂತ) ಮುಂದೆ ತಂದು, ನಲವತ್ತು ಮೀಟರಿಗೂ ಆಚೆಯಿಂದ ಜಾನಿ ಸೆಕ್ಸ್‌ಟನ್ ಡ್ರಾಪ್ ಗೋಲ್ ಹೊಡೆದು 15–13 ಮಾಡುತ್ತಾನೆ. ಅಲ್ಲಿಂದ ಐರ್ಲೆಂಡ್ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಿತು, ಅಂದರೆ ಸಿಕ್ಸ್ ನೇಷನ್ಸ್‌ನ ಎಲ್ಲ ಪಂದ್ಯಗಳನ್ನೂ ಗೆದ್ದಿತು, ನವೆಂಬರಿನಲ್ಲಿ ಡಬ್ಲಿನ್‌ನಲ್ಲಿ ನ್ಯೂಜಿಲೆಂಡನ್ನೂ 16–9ರಲ್ಲಿ ಸೋಲಿಸಿತು. ವರ್ಷದ ಆಟಗಾರ ಸೆಕ್ಸ್‌ಟನ್. ಆ 41 ಹಂತಗಳಲ್ಲಿ ಒಂದೊಂದಕ್ಕೂ ಮೈ ಕೊಟ್ಟು ಬಿದ್ದವರು ಫಾರ್ವರ್ಡ್‌ಗಳು. ಆ ಕಾಲೊದೆತ ಮಾತ್ರ ಇವತ್ತಿಗೂ ಎಲ್ಲರ ಫೋನಿನಲ್ಲಿದೆ.

ಹಾಗಂತ ಫ್ಲೈ-ಹಾಫ್‌ಗಳದ್ದು ಸುಮ್ಮನೆ ಸಿಕ್ಕ ಹೆಸರು ಅಂತ ನಾನು ಹೇಳುತ್ತಿಲ್ಲ. ನ್ಯೂಜಿಲೆಂಡಿನ ಡ್ಯಾನ್ ಕಾರ್ಟರ್ 2005ರಲ್ಲಿ ಲಯನ್ಸ್ (ಬ್ರಿಟನ್ ಮತ್ತು ಐರ್ಲೆಂಡಿನ ಜಂಟಿ ತಂಡ) ವಿರುದ್ಧ ವೆಲಿಂಗ್ಟನ್ನಿನಲ್ಲಿ ಆಡಿದ್ದನ್ನು ಒಮ್ಮೆ ಹುಡುಕಿ ನೋಡಿ: ಎರಡು ಟ್ರೈ, ನಾಲ್ಕು ಕನ್ವರ್ಷನ್ (ಟ್ರೈ ಆದ ಮೇಲೆ ಗೋಲಿಗೆ ಒದೆಯುವುದು), ಐದು ಪೆನಾಲ್ಟಿ, ಒಬ್ಬನೇ 33 ಅಂಕ. ಅದರಲ್ಲೊಂದು ಟ್ರೈಗೆ ತಾನೇ ಚೆಂಡನ್ನು ಮುಂದಕ್ಕೆ ಒದ್ದು ತಾನೇ ಓಡಿಹೋಗಿ ಹಿಡಿಯುತ್ತಾನೆ. ಆ ಸ್ಥಾನದವನು ಏನೆಲ್ಲ ಮಾಡಬಲ್ಲ ಎಂಬುದಕ್ಕೆ ಇವತ್ತಿಗೂ ಅದೇ ಅಳತೆಗೋಲು. ಕಾರ್ಟರ್‌ಗೆ 2005, 2012, 2015ರಲ್ಲಿ, ಮೂರು ಸಲ ಪ್ರಶಸ್ತಿ ಬಂತು. 2015ರ ಫೈನಲ್‌ನಲ್ಲಿ 19 ಅಂಕ ಗಳಿಸಿ, ಕೊನೆಯ ಕನ್ವರ್ಷನ್ನನ್ನು ಬೇಕೆಂದೇ ಬಲಗಾಲಿನಲ್ಲಿ ಒದ್ದ. ಅವನೂ ಎಡಗಾಲಿನವನೇ. ಅದೊಂದು ಚೇಷ್ಟೆ, ಅಷ್ಟು ನಿರಾಳವಾಗಿದ್ದ. ಆ ಕನ್ವರ್ಷನ್‌ಗೆ ಕಾರಣವಾದ ಟ್ರೈ ಹೊಡೆದವನು ಬೋಡನ್ ಬ್ಯಾರೆಟ್. ಮುಂದಿನ ಎರಡು ವರ್ಷ ಪ್ರಶಸ್ತಿ ಅವನಿಗೇ.

ಫ್ಲ್ಯಾಂಕರ್‌ಗಳಿಗೆ ಯಾಕೆ ಇಷ್ಟು ಸಲ ಎಂಬುದು ಇದಕ್ಕಿಂತ ಸ್ವಾರಸ್ಯದ ವಿಷಯ, ಯಾಕೆಂದರೆ ಅವರೂ ಕೆಸರಿನಲ್ಲಿ ಹೊರಳುವವರೇ. ಎದುರಾಳಿಯನ್ನು ಕೆಡವಿದ ತಕ್ಷಣ ಅವನು ಚೆಂಡು ಬಿಡಬೇಕು. ಕಾಲ ಮೇಲೆ ನಿಂತೇ ಬಗ್ಗಿ ಚೆಂಡಿಗೆ ಕೈ ಹಾಕಿದವನಿಗೆ ಅದು ಸಿಗಬೇಕು. ಕೆಳಗೆ ಬಿದ್ದವನು ಬಿಡದಿದ್ದರೆ ಪೆನಾಲ್ಟಿ. ಇದನ್ನು 'ಜ್ಯಾಕಲ್' ಅನ್ನುತ್ತಾರೆ. ಎದುರಾಳಿಯ ಬೆಂಬಲದವರು ಬಂದು ಗುದ್ದಿ ಎಬ್ಬಿಸುವ ಮೊದಲು, ಅಂದರೆ ಒಂದೆರಡು ಸೆಕೆಂಡಿನೊಳಗೆ ಆಗಬೇಕಾದ ಕೆಲಸ. ರಿಚಿ ಮೆಕಾ ಇದರಲ್ಲಿ ಪಳಗಿದ ಕೈ. ನಿಯಮದ ಗೆರೆ ಎಲ್ಲಿದೆ, ಇವತ್ತಿನ ರೆಫರಿ ಅದನ್ನು ಎಲ್ಲಿ ಎಳೆಯುತ್ತಾನೆ ಅಂತ ಮೊದಲ ಹತ್ತು ನಿಮಿಷದಲ್ಲೇ ಅಳೆದುಬಿಡುತ್ತಿದ್ದ. ಎದುರು ತಂಡದವರ ಪ್ರಕಾರ ಗೆರೆಯ ಆಚೆಯೇ ಮಲಗಿರುತ್ತಿದ್ದ. 2006, 2009, 2010ರಲ್ಲಿ ಅವನಿಗೆ ಪ್ರಶಸ್ತಿ. ಈ ಕೆಲಸ ಸ್ಕ್ರಮ್‌ನ ಹಾಗೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯುವುದಿಲ್ಲ. ಬಯಲಿನಲ್ಲಿ, ಕ್ಯಾಮೆರಾ ಎದುರೇ ನಡೆಯುತ್ತದೆ. ಸೀಟಿ ಊದಿದ ಕೂಡಲೇ ಸಂಗಡಿಗರು ಬಂದು ಬೆನ್ನು ತಟ್ಟುತ್ತಾರೆ. ಜೊತೆಗೆ ಟ್ಯಾಕಲ್ ಎಷ್ಟು, ಟರ್ನೋವರ್ (ಚೆಂಡು ಕಸಿದದ್ದು) ಎಷ್ಟು ಎಂಬ ಅಂಕಿ ಸಿಗುತ್ತದೆ. ಸ್ಕ್ರಮ್‌ನ ಒಳಗಿನ ಒತ್ತಡಕ್ಕೆ ಹಾಗೆ ಒಬ್ಬೊಬ್ಬರ ಹೆಸರಿಗೆ ಬರೆಯುವ ಅಂಕಿ ಎಲ್ಲಿದೆ?

ಈಗ ನಿಮ್ಮ ಆಫೀಸಿನ ಜಗಳಕ್ಕೆ ಬರೋಣ. ನ್ಯೂಜಿಲೆಂಡಿಗೆ 24ರಲ್ಲಿ 11 ಬಂದಿದೆ, 2012ರಿಂದ 2017ರವರೆಗೆ ಸತತ ಆರು. ಮನೆಯ ಸ್ವತ್ತು ಅನ್ನುವವರನ್ನು ಪೂರ್ತಿ ಬೈಯಲಾಗದು. ಆ ಕಾಲದಲ್ಲಿ ಅವರು ಸೋಲುವುದೇ ಸುದ್ದಿಯಾಗಿತ್ತು. 2013ರಲ್ಲಿ ಆಡಿದ 14 ಟೆಸ್ಟನ್ನೂ ಗೆದ್ದರು. ಕೊನೆಯದನ್ನು ಡಬ್ಲಿನ್‌ನಲ್ಲಿ ಆಟ ಮುಗಿದ ಮೇಲಿನ ಕನ್ವರ್ಷನ್‌ನಿಂದ 24–22ರಲ್ಲಿ. ಆ ವರ್ಷ ನಂಬರ್ 8 ಕೀರನ್ ರೀಡ್‌ಗೆ, ಮರುವರ್ಷ ಲಾಕ್ ಬ್ರೋಡಿ ರಿಟಾಲಿಕ್‌ಗೆ ಪ್ರಶಸ್ತಿ. ಆದರೆ ಮಂಡಳಿಯೂ ಸ್ವಲ್ಪ ಮಟ್ಟಿಗೆ ಗೆದ್ದೆತ್ತಿನ ಬಾಲ ಹಿಡಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅದೇ ತಂಡದ ಮಧ್ಯದಲ್ಲಿ ಮಾ ನೊನು, ಕಾನ್ರಾಡ್ ಸ್ಮಿತ್ ಎಂಬ ಸೆಂಟರ್ ಜೋಡಿ ವರ್ಷಗಟ್ಟಲೆ ಬಾಗಿಲು ಕಾದಿತ್ತು. ಇಬ್ಬರಿಗೂ ಒಂದೂ ಇಲ್ಲ. ಸ್ಮಿತ್‌ನದ್ದಂತೂ ನಿಂತ ಜಾಗದಿಂದಲೇ ಎದುರಾಳಿಯ ದಾಳಿಯನ್ನು ಕೆಡಿಸುವ ಆಟ. ಆಗದೇ ಹೋದ ಟ್ರೈಗೆ ಹೈಲೈಟ್ಸ್ ಇರುವುದಿಲ್ಲವಲ್ಲ.

2009ರ ವಿಷಯದಲ್ಲಿ ನಿಮ್ಮ ದಕ್ಷಿಣ ಆಫ್ರಿಕಾದ ಗೆಳೆಯರ ಪಕ್ಷ ನಾನು. ಆ ವರ್ಷ ಅವರ ತಂಡ ಲಯನ್ಸ್ ಸರಣಿಯನ್ನು 2–1ರಲ್ಲಿ ಗೆದ್ದಿತು. ಟ್ರೈ ನೇಷನ್ಸ್ ಎಂಬ ಮೂರು ದೇಶಗಳ ಟೂರ್ನಿಯಲ್ಲಿ ನ್ಯೂಜಿಲೆಂಡನ್ನು ಬ್ಲೂಮ್‌ಫಾಂಟೇನ್, ಡರ್ಬನ್, ಹ್ಯಾಮಿಲ್ಟನ್ ಮೂರೂ ಕಡೆ ಸೋಲಿಸಿ ಕಪ್ ಎತ್ತಿತು. ವರ್ಷದ ತಂಡ ಎಂಬ ಗೌರವವೂ ಅವರಿಗೇ. ಆ ಗೆಲುವುಗಳ ಮೆದುಳು ಸ್ಕ್ರಮ್-ಹಾಫ್ ಫೂರಿ ಡು ಪ್ರೀ; ಅವನ ಎತ್ತರದ ಕಿಕ್‌ಗಳ ಕೆಳಗೆ ಎದುರಾಳಿಗಳು ಆಕಾಶ ನೋಡುತ್ತಾ ನಿಂತಿರುತ್ತಿದ್ದರು. ಐರ್ಲೆಂಡ್ ಕಡೆ ಬ್ರಯಾನ್ ಓ'ಡ್ರಿಸ್ಕಾಲ್ 1948ರ ನಂತರದ ಮೊದಲ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ ನಾಯಕ. ಇಬ್ಬರೂ ಪಟ್ಟಿಯಲ್ಲಿದ್ದರು. ಪ್ರಶಸ್ತಿ ಹೋದದ್ದು ಮೆಕಾಗೆ, ಅದೂ ಗಾಯದಿಂದಾಗಿ ಜೂನ್ ತಿಂಗಳ ಟೆಸ್ಟ್‌ಗಳನ್ನು ತಪ್ಪಿಸಿಕೊಂಡ ವರ್ಷ. ಮೆಕಾನ 2006, 2010ರ ಬಗ್ಗೆ ನನ್ನ ತಕರಾರಿಲ್ಲ. 2009ರಲ್ಲಿ ನನ್ನ ಕೈಯಲ್ಲಿ ಮತ ಇದ್ದಿದ್ದರೆ ಡು ಪ್ರೀಗೆ ಹಾಕುತ್ತಿದ್ದೆ, ಎರಡನೆಯದು ಓ'ಡ್ರಿಸ್ಕಾಲ್‌ಗೆ. ಮೂರು ಸಲ ಪಟ್ಟಿಗೆ ಬಂದೂ ಓ'ಡ್ರಿಸ್ಕಾಲ್‌ಗೆ ಈ ಪ್ರಶಸ್ತಿ ಒಮ್ಮೆಯೂ ದಕ್ಕಲಿಲ್ಲ. ಆ ಗ್ರ್ಯಾಂಡ್ ಸ್ಲ್ಯಾಮಿನ ಕೊನೆಯ ಪಂದ್ಯ ಕಾರ್ಡಿಫ್‌ನಲ್ಲಿ 17–15ರಲ್ಲಿ ಮುಗಿಯಿತು. ಗೆಲುವಿನ ಡ್ರಾಪ್ ಗೋಲ್ ಒದ್ದವನು ಯಾರು ಗೊತ್ತೇ, ಫ್ಲೈ-ಹಾಫ್ ರೋನನ್ ಓ'ಗಾರಾ.

2023ರ ವಿಷಯದಲ್ಲಿ ಅಷ್ಟು ಸುಲಭವಾಗಿ ಒಪ್ಪಲಾರೆ. ಅಕ್ಟೋಬರ್ 28ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ಡು ಟಾಯ್ 28 ಟ್ಯಾಕಲ್ ಮಾಡಿ ಪಂದ್ಯಶ್ರೇಷ್ಠನಾದ. ನ್ಯೂಜಿಲೆಂಡಿನ ಜಾರ್ಡಿ ಬ್ಯಾರೆಟ್‌ನನ್ನು ಅವನು ಅಡ್ಡಹಾಕಿ ಕೆಡವಿದ ಸದ್ದು ಟಿವಿಯಲ್ಲೂ ಕೇಳಿಸುವಂತಿತ್ತು. ಮರುದಿನ ಪ್ಯಾರಿಸ್‌ನಲ್ಲೇ ವರ್ಷದ ಆಟಗಾರ ಎಂದು ಘೋಷಣೆಯಾದದ್ದು ಸೋತ ತಂಡದ ನಂಬರ್ 8 ಆರ್ಡಿ ಸವೇಯಾ ಹೆಸರು. ಡು ಟಾಯ್ ನಾಲ್ವರ ಪಟ್ಟಿಯಲ್ಲೇ ಇರಲಿಲ್ಲ. ದಕ್ಷಿಣ ಆಫ್ರಿಕಾದಿಂದ ಇದ್ದವನು ಲಾಕ್ ಎಬೆನ್ ಎಟ್ಸೆಬೆತ್. ನೋವು ಅರ್ಥವಾಗುತ್ತದೆ. ಆದರೆ ಇದು ವರ್ಷದ ಆಟಕ್ಕೆ ಕೊಡುವುದು, ಒಂದು ಸಂಜೆಯ ಆಟಕ್ಕಲ್ಲ. ಆ ವರ್ಷ ಸವೇಯಾ ಎಡವುತ್ತಿದ್ದ ತಂಡವನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಸೋತವನಿಗೆ ಕೊಟ್ಟದ್ದು ಅದು ಮೊದಲ ಸಲವೂ ಅಲ್ಲ. 2011ರಲ್ಲಿ ಈಡನ್ ಪಾರ್ಕ್‌ನಲ್ಲಿ, ಅಂದರೆ ನೀವಿರುವ ಊರಿನಲ್ಲೇ, ಫ್ರಾನ್ಸ್ 8–7ರಲ್ಲಿ ನ್ಯೂಜಿಲೆಂಡಿಗೆ ಸೋತಿತು. ಫ್ರಾನ್ಸ್‌ನ ಒಂದೇ ಟ್ರೈ ಹೊಡೆದು ಪಂದ್ಯಶ್ರೇಷ್ಠನಾದ ನಾಯಕ ತಿಯೆರಿ ಡುಸೊಟ್ವಾಗೆ ಆ ವರ್ಷದ ಪ್ರಶಸ್ತಿ ಸಂದಿತು. ಗೆದ್ದೆತ್ತಿನ ಬಾಲದ ಮಾತು ಆಡಿದ ನಾನೇ ಇದನ್ನೂ ಹೇಳಬೇಕು: ಆ ಎರಡು ಸಲ ಮಂಡಳಿ ಬಾಲ ಬಿಟ್ಟು ಎತ್ತನ್ನೇ ನೋಡಿತು.

ನಿಮ್ಮ ಗೆಳೆಯರು ಬಲವಾದ ದೂರೊಂದನ್ನು ಮರೆತಿದ್ದಾರೆ, ನೆನಪಿಸಿ. ಅದು 2021. ವಿಶ್ವ ಚಾಂಪಿಯನ್ನರು, ಲಯನ್ಸ್ ಸರಣಿಯನ್ನೂ ಗೆದ್ದವರು. ಆದರೂ ನಾಲ್ವರ ಪಟ್ಟಿಯಲ್ಲಿ ಡುಪಾಂ, ಇಂಗ್ಲೆಂಡಿನ ಮಾರೋ ಇಟೋಜೆ, ಆಸ್ಟ್ರೇಲಿಯಾದ ಮೈಕೆಲ್ ಹೂಪರ್ ಮತ್ತು ಸಾಮು ಕೆರೆವಿ. ದಕ್ಷಿಣ ಆಫ್ರಿಕಾದವರು ಒಬ್ಬರೂ ಇಲ್ಲ. ಡುಪಾಂಗೆ ಕೊಟ್ಟದ್ದು ಸರಿ, ಆದರೆ ಆ ಪಟ್ಟಿಗೆ ಸಮರ್ಥನೆ ನನಗಂತೂ ಸಿಕ್ಕಿಲ್ಲ. ಆಮೇಲೆ 2024ರಲ್ಲಿ ಡು ಟಾಯ್‌ಗೆ ಎರಡನೆಯದು ಬಂತು. 2020ರಲ್ಲಿ ಕಾಲಿನೊಳಗೆ ರಕ್ತ ಕಟ್ಟಿ ಕಾಲನ್ನೇ ತೆಗೆಯಬೇಕಾಗಬಹುದಿತ್ತು ಎಂಬ ಸ್ಥಿತಿಗೆ ಹೋಗಿ ಬಂದವನು ಅವನು. ಒಟ್ಟು ಲೆಕ್ಕ ಬೇಕಿದ್ದರೆ: ದಕ್ಷಿಣ ಆಫ್ರಿಕಾ 5, ಐರ್ಲೆಂಡ್ 3, ಫ್ರಾನ್ಸ್ 3, ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಒಂದೊಂದು. ಎರಡು ವಿಶ್ವಕಪ್ ಗೆದ್ದ ಆಸ್ಟ್ರೇಲಿಯಾಕ್ಕೆ ಒಂದೂ ಇಲ್ಲ, ಅರ್ಜೆಂಟೀನಾಕ್ಕೂ ಇಲ್ಲ. ಸ್ಕಾಟ್ಲೆಂಡಿಗೂ ಇಲ್ಲ, ಅವರಿಗೆ ನಮ್ಮ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ ಕಲ್ಕತ್ತಾ ಕಪ್ ಇದೆ. ಅದಕ್ಕಾಗಿ ಇಂಗ್ಲೆಂಡಿನೊಂದಿಗೆ 1879ರಿಂದ ಕಾದಾಡುತ್ತಿದ್ದಾರೆ. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ. ನನ್ನ ಕೇಳಿದರೆ ರಗ್ಬಿಯಲ್ಲಿ ಅದಕ್ಕಿಂತ ಚೆಂದದ ಕಪ್ ಇಲ್ಲ.

ಮಂಡಳಿಯ ಕಣ್ಣು ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ಸಂಸ್ಥೆಯೇ ಒಂದು ಸಾಕ್ಷಿ ಒದಗಿಸಿದೆ. 2020ರಲ್ಲಿ ವಾರ್ಷಿಕ ಪ್ರಶಸ್ತಿಯ ಬದಲು ದಶಕದ ಆಟಗಾರನನ್ನು ಆರಿಸಿದರು. 2010ರಿಂದ 2019ರವರೆಗಿನ ಹತ್ತು ವಾರ್ಷಿಕ ಪ್ರಶಸ್ತಿಗಳಲ್ಲಿ ಏಳು ನ್ಯೂಜಿಲೆಂಡಿನವರದ್ದು. ದಶಕದ ಆಟಗಾರ ಯಾರಾದ? ವೇಲ್ಸ್‌ನ ಲಾಕ್ ಆಲನ್ ವಿನ್ ಜೋನ್ಸ್. ವಾರ್ಷಿಕ ಪ್ರಶಸ್ತಿಯನ್ನು ಒಮ್ಮೆಯೂ ಪಡೆಯದವನು. ಲೈನ್‌ಔಟ್‌ನಲ್ಲಿ (ಪಕ್ಕದ ಗೆರೆಯಿಂದ ಎಸೆದ ಚೆಂಡಿಗೆ) ಹಾರುವುದು, ಸ್ಕ್ರಮ್‌ನಲ್ಲಿ ಪ್ರಾಪ್‌ನ ಬೆನ್ನಿಗೆ ಭುಜ ಕೊಡುವುದು, ರಕ್‌ಗಳಲ್ಲಿ (ಬಿದ್ದ ಚೆಂಡಿನ ಮೇಲಿನ ನೂಕಾಟದಲ್ಲಿ) ಗುದ್ದುವುದು: ಇಂಥ ಎಲೆಮರೆಯ ಕಾಯಿ ಒಂದು ವರ್ಷದ ಲೆಕ್ಕದಲ್ಲಿ ಕಾಣಲಿಲ್ಲ, ಹತ್ತು ವರ್ಷ ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲರಿಗಿಂತ ದೊಡ್ಡದಾಗಿ ಕಂಡಿತು.

ಹಾಗಾದರೆ 2025ರಲ್ಲಿ ದಕ್ಷಿಣ ಆಫ್ರಿಕಾದ ಹೂಕರ್ ಮಾಲ್ಕಮ್ ಮಾರ್ಕ್ಸ್ ಗೆದ್ದಿದ್ದು? ಮುಂದಿನ ಸಾಲಿಗೆ ಕೊನೆಗೂ ನ್ಯಾಯ ಸಿಕ್ಕಿತು ಅಂತ ಬಹಳ ಜನ ಬರೆದರು. 2001ರ ಮೊಟ್ಟಮೊದಲ ಪ್ರಶಸ್ತಿ ಪಡೆದ ಐರ್ಲೆಂಡಿನ ಕೀತ್ ವುಡ್ ಬಿಟ್ಟರೆ ಮಾರ್ಕ್ಸ್‌ನೇ ಎರಡನೆಯ ಹೂಕರ್. ನಡುವೆ ಕಾಲು ಶತಮಾನ ಕಳೆದಿದೆ. ಮಾರ್ಕ್ಸ್ 2018ರಲ್ಲೇ ಪಟ್ಟಿಗೆ ಬಂದಿದ್ದ. 2023ರ ವಿಶ್ವಕಪ್‌ನಲ್ಲಿ ಮೊದಲ ಪಂದ್ಯ ಆಡಿ, ಅಭ್ಯಾಸದಲ್ಲಿ ಮೊಣಕಾಲು ನೋಯಿಸಿಕೊಂಡು ಮನೆಗೆ ಹೋದ. ಅವನ ಜಾಗಕ್ಕೆ ತಂಡ ಕರೆಸಿಕೊಂಡದ್ದು ಇನ್ನೊಬ್ಬ ಹೂಕರ್‌ನನ್ನಲ್ಲ, ಫ್ಲೈ-ಹಾಫ್ ಪೊಲಾರ್ಡ್‌ನನ್ನು! ಫೈನಲ್‌ನ ಮೊದಲ ನಿಮಿಷಗಳಲ್ಲೇ ಹೂಕರ್ ಬೊಂಗಿ ಎಂಬೊನಾಂಬಿಯೂ ಗಾಯಗೊಂಡು, ಆ ಹೊತ್ತಿಗೆ ಹೆಚ್ಚಾಗಿ ಫ್ಲ್ಯಾಂಕರ್ ಆಡುತ್ತಿದ್ದ ಡಿಯಾನ್ ಫೂರಿ ಹೂಕರ್ ಜಾಗದಲ್ಲಿ ನಿಂತು ಏಗಬೇಕಾಯಿತು. ಆ ಫೈನಲ್‌ನ ಹನ್ನೆರಡೂ ಅಂಕ ಪೊಲಾರ್ಡ್‌ನ ಕಾಲಿನಿಂದಲೇ ಬಂದವು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆದರೆ ಮಾರ್ಕ್ಸ್‌ನನ್ನು ಜನ ಯಾಕೆ ಕೊಂಡಾಡುತ್ತಾರೆ ಗಮನಿಸಿ. ಅವನು ಹೂಕರ್ ಅಂಗಿಯೊಳಗಿರುವ ಫ್ಲ್ಯಾಂಕರ್. ಬಿದ್ದ ಚೆಂಡಿನ ಮೇಲೆ ಬಾಗಿ ನಿಂತನೆಂದರೆ ಇಬ್ಬರು ಬಂದು ಗುದ್ದಿದರೂ ಅಲುಗುವುದಿಲ್ಲ. ಮೆಕಾ ಮಾಡುತ್ತಿದ್ದ ಅದೇ ಕೆಲಸ, ಅದೇ ಬಯಲಿನಲ್ಲಿ. ಲೈನ್‌ಔಟ್ ಮೌಲ್‌ನ (ಚೆಂಡು ಹಿಡಿದವನನ್ನು ಸುತ್ತಿ ಮುಂದೆ ತಳ್ಳುವ ಗುಂಪು) ಹಿಂದೆ ಚೆಂಡು ಹಿಡಿದು ಟ್ರೈ ಹೊಡೆಯುತ್ತಾನೆ, ಹೆಸರು ಸ್ಕೋರ್ ಪಟ್ಟಿಗೂ ಬರುತ್ತದೆ. ಕೀತ್ ವುಡ್‌ನ ಕಥೆಯೂ ಅದೇ ಆಗಿತ್ತು: ಬೋಳುತಲೆಯ ಆ ಹೂಕರ್, ಸ್ಕ್ರಮ್‌ನ ಹಿಂದೆ ನಿಂತು ಓಡುವ ಬ್ಯಾಕ್‌ಗಳ ನಡುವೆ ಚೆಂಡು ಹಿಡಿದು ಓಡುತ್ತಿದ್ದ, ಒದೆಯುತ್ತಲೂ ಇದ್ದ. 2001ರ ಅಕ್ಟೋಬರಿನಲ್ಲಿ ಡಬ್ಲಿನ್‌ನಲ್ಲಿ ಲೈನ್‌ಔಟ್‌ನಿಂದ ಚೆಂಡು ವಾಪಸ್ ಪಡೆದು ಇಂಗ್ಲೆಂಡ್ ವಿರುದ್ಧ ಟ್ರೈ ಹೊಡೆದದ್ದನ್ನು ಐರಿಷರು ಇನ್ನೂ ಹೇಳಿಕೊಳ್ಳುತ್ತಾರೆ. ಇಬ್ಬರು ಹೂಕರ್‌ಗಳೂ ಗೆದ್ದದ್ದು ಹೂಕರ್ ಕೆಲಸಕ್ಕಿಂತ ಹೆಚ್ಚಾಗಿ ಅದರಾಚೆಗೆ ಮಾಡಿದ್ದಕ್ಕೆ.

2025ರ ಪಟ್ಟಿಯಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಹೆಸರು ಗೆದ್ದವನದ್ದಲ್ಲ. ಮಾರ್ಕ್ಸ್, ಡು ಟಾಯ್, ಒಂದೇ ಸಿಕ್ಸ್ ನೇಷನ್ಸ್‌ನಲ್ಲಿ 8 ಟ್ರೈ ಹೊಡೆದ ಫ್ರಾನ್ಸ್‌ನ ವಿಂಗರ್ ಲೂಯಿ ಬಿಯೆಲ್-ಬಿಯಾರೆ, ಈ ಮೂವರ ಪಕ್ಕದಲ್ಲಿ ನಾಲ್ಕನೆಯವನಾಗಿ ಲೂಸ್‌ಹೆಡ್ ಪ್ರಾಪ್ ಆಕ್ಸ್ ಎನ್‌ಚೆ ಇದ್ದ. ಸಲಾಡ್ ತಿಂದು ಸ್ಕ್ರಮ್ ಗೆಲ್ಲಲಾಗದು ಎಂಬ ಅವನ ಮಾತು ರಗ್ಬಿ ಜಗತ್ತಿನಲ್ಲಿ ಗಾದೆಯಾಗಿಬಿಟ್ಟಿದೆ. ಕೇಕ್ ಎಂದರೆ ಅವನಿಗೆ ಪ್ರಾಣ. ಎನ್‌ಚೆಗೆ ಓಟದ ಹೆಸರಿಲ್ಲ, ಟ್ರೈಗಳ ರಾಶಿಯೂ ಇಲ್ಲ. ಎದುರಿನ ಟೈಟ್‌ಹೆಡ್‌ನನ್ನು ಮೇಲಕ್ಕೆ ಮಡಚಿ ನಿಲ್ಲಿಸುವುದೇ ಅವನ ಕಸುಬು, ಅದಕ್ಕಾಗಿಯೇ ಪಟ್ಟಿಗೆ ಬಂದ.

ಮುಂದೆ ಪ್ರಾಪ್‌ಗೆ ಬರುತ್ತದೆಯೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬರುತ್ತದೆ. ಬಂದಾಗ ಅದು ಎನ್‌ಚೆಯಂಥವನಿಗಿಂತ ಐರ್ಲೆಂಡಿನ ಟೈಗ್ ಫರ್ಲಾಂಗ್‌ನ ಜಾತಿಯವನಿಗೆ ಬರುವ ಸಂಭವವೇ ಹೆಚ್ಚು. ಟೈಟ್‌ಹೆಡ್ ಆಗಿದ್ದುಕೊಂಡೇ ಸೆಂಟರ್‌ನ ಹಾಗೆ ಪಾಸ್ ಕೊಟ್ಟು, ಮೈ ಹೊರಳಿಸಿ ಟ್ಯಾಕಲ್ ತಪ್ಪಿಸಿಕೊಂಡು ಓಡುವವನು ಅವನು. ಅಂಥವನು ಒಂದು ಗ್ರ್ಯಾಂಡ್ ಸ್ಲ್ಯಾಮ್ ವರ್ಷದಲ್ಲಿ ಅರವತ್ತು ಎಪ್ಪತ್ತು ನಿಮಿಷ ಮೈದಾನದಲ್ಲಿ ಉಳಿದು, ನಾಲ್ಕೈದು ಟ್ರೈ ಹೊಡೆದರೆ ಮಂಡಳಿಗೆ ಕೈ ಎತ್ತದೆ ಗತಿಯಿರುವುದಿಲ್ಲ. ಬರೀ ಸ್ಕ್ರಮ್‌ಗಾಗಿ ಕೊಡುವ ದಿನ ಬರಬೇಕಾದರೆ ಮಂಡಳಿಯಲ್ಲಿ ಹಳೆಯ ಪ್ರಾಪ್‌ಗಳ ಸಂಖ್ಯೆ ಇನ್ನಷ್ಟು ಹೆಚ್ಚಬೇಕು.